ಕಲ್ಲೇಟು ರಿಪೇರಿ ಮಾಡುವಾಗ ವಿಂಡ್‌ಶೀಲ್ಡ್ ಸೀಳಿತೇ? ಯಾವಾಗ ಸೀಳಿತು ಅನ್ನುವುದರಿಂದ ಕಾರಣ ಹಿಡಿಯಿರಿ

ಕಲ್ಲೇಟು ಬಿದ್ದ ವಿಂಡ್‌ಶೀಲ್ಡ್‌ಗೆ ರೆಸಿನ್ (ಅತಿನೇರಳೆ, ಅಂದರೆ ಯುವಿ ಬೆಳಕಿಗೆ ಗಟ್ಟಿಯಾಗುವ ಪಾರದರ್ಶಕ ಅಂಟುದ್ರವ) ತುಂಬುವ ಕೆಲಸ ನೋಡಲು ಸುಲಭ. ಕಿಟ್ ಜೊತೆ ಬರುವ ಚೀಟಿಯಲ್ಲಿ ನಾಲ್ಕೈದು ಚಿತ್ರ ಇರುತ್ತವೆ, ಅಷ್ಟೆ. ಕೆಲಸದ ನಡುವೆ 'ಟಿಕ್' ಅಂತ ಸಣ್ಣ ಸದ್ದು ಬಂದು, ಉಗುರಿನಷ್ಟಿದ್ದ ಏಟು ಗೇಣುದ್ದ ಸೀಳಿಕೊಂಡರೆ ಏನು ಮಾಡಬೇಕು ಅಂತ ಆ ಚೀಟಿ ಹೇಳುವುದಿಲ್ಲ. ಸಣ್ಣ ಖರ್ಚಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಇಡೀ ಗಾಜು ಬದಲಾಯಿಸುವ ತನಕ ಹೋಗುತ್ತದೆ.

ತುಂಬಾ ಜನ ಇದನ್ನು ಗ್ರಹಚಾರ ಅಂತ ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ. ರಿಪೇರಿ ವೇಳೆ ಬಿರುಕನ್ನು ಓಡಿಸುವುದು ಮುಖ್ಯವಾಗಿ ನಾಲ್ಕು: ಬಿಸಿ-ತಂಪಿನ ವ್ಯತ್ಯಾಸ, ಒತ್ತುವಿಕೆ, ಕಾರಿನ ಬಾಡಿಯ ತಿರುಚು, ಬಿರುಕಿನೊಳಗಿನ ನೀರು. ಯಾವ ಗಳಿಗೆಯಲ್ಲಿ ಓಡಿತು ಅನ್ನುವುದನ್ನು ಸರಿಯಾಗಿ ಗಮನಿಸಿದರೆ ಯಾವುದು ಓಡಿಸಿತು ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ. ಇನ್ನೂ ಒಳ್ಳೆಯದು, ಓಡುವ ಮೊದಲೇ ಅದನ್ನು ತಡೆಯಬಹುದು.

ಮೊದಲು ಗಾಜನ್ನು ಅರ್ಥ ಮಾಡಿಕೊಳ್ಳಿ

ವಿಂಡ್‌ಶೀಲ್ಡ್ ಒಂದೇ ಗಾಜಲ್ಲ. ಹೊರಗೊಂದು, ಒಳಗೊಂದು, ತಲಾ ಸುಮಾರು 2 ಮಿ.ಮೀ. ದಪ್ಪದ ಎರಡು ಹಾಳೆ. ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿ.ಮೀ. ಕಲ್ಲು ಬಿದ್ದಾಗ ಹೆಚ್ಚಾಗಿ ಹೊರಗಿನ ಹಾಳೆ ಮಾತ್ರ ಪೆಟ್ಟು ತಿನ್ನುತ್ತದೆ. ಹಾಗಾಗಿಯೇ ರಿಪೇರಿ ಅನ್ನುವುದು ಸಾಧ್ಯ. ಬಾಗಿಲಿನ ಗಾಜುಗಳು ಹೆಚ್ಚಾಗಿ ಟೆಂಪರ್ಡ್, ಒಡೆದರೆ ಪುಡಿಪುಡಿ. ಅದಕ್ಕೆ ಈ ರಿಪೇರಿ ಇಲ್ಲ.

ಗಾಜನ್ನು ಅದುಮಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಜಗ್ಗಿದರೆ ಸೋಲುತ್ತದೆ. ಬಿರುಕು ಇದ್ದರಂತೂ ಇಡೀ ಜಗ್ಗಾಟ ಬಂದು ಬಿರುಕಿನ ತುದಿಯಲ್ಲೇ ಕೂರುತ್ತದೆ. ಅಂಚಿನಲ್ಲಿ ಕತ್ತರಿ ತಾಗಿಸಿದ ಬಟ್ಟೆ ಸಲೀಸಾಗಿ ಹರಿಯುತ್ತದಲ್ವಾ, ಇದೂ ಹಾಗೇ. ಬಿರುಕು ಉದ್ದವಾದಷ್ಟೂ ಅದನ್ನು ಮುಂದೆ ಓಡಿಸಲು ಬೇಕಾದ ಬಲ ಕಡಿಮೆ ಆಗುತ್ತದೆ. ಎ.ಎ. ಗ್ರಿಫಿತ್ ಅನ್ನುವ ಎಂಜಿನಿಯರ್ 1921ರಲ್ಲೇ ಗಾಜಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ನಮ್ಮ ಕೆಲಸಕ್ಕೆ ಇದರ ಅರ್ಥ ಇಷ್ಟೇ: ಕಲ್ಲು ತಾಗಿದ ಗುಳಿಯನ್ನು ನೋಡುತ್ತಾ ಕೂರಬೇಡಿ, ಅದರಿಂದ ಹೊರಟ ಸಣ್ಣ ಬಿರುಕುಗಳ, ಅಂದರೆ ಕವಲುಗಳ, ತುದಿಯನ್ನು ನೋಡಿ.

ಅದಕ್ಕೊಂದು ಸುಲಭದ ಉಪಾಯ ಇದೆ. ಕೆಲಸ ಶುರು ಮಾಡುವ ಮೊದಲು ಕಾರಿನೊಳಗೆ ಕೂತು, ಒಳಗಿನ ಗಾಜಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಪ್ರತಿ ಕವಲಿನ ತುದಿಗೂ ಒಂದೊಂದು ಚುಕ್ಕೆ ಇಡಿ. ಒಂದು ಕಣ್ಣು ಮುಚ್ಚಿ, ಗಾಜಿಗೆ ನೇರವಾಗಿ ನೋಡಿ ಇಡಬೇಕು. ಗಾಜಿನ ದಪ್ಪದಿಂದಾಗಿ ಓರೆಯಿಂದ ನೋಡಿದರೆ ಚುಕ್ಕೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಆಮೇಲೆ ಪ್ರತಿ ಹಂತ ಮುಗಿದಾಗ ಒಮ್ಮೆ ಹೋಗಿ ನೋಡಿ. ತುದಿ ಚುಕ್ಕೆಯನ್ನು ದಾಟಿದ್ದರೆ, ಕೂದಲೆಳೆಯಷ್ಟೇ ಇರಲಿ, ಏನೋ ಒಂದು ಬಲ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಬರಿಗಣ್ಣಿಗೆ ಗೊತ್ತಾಗದ ಬೆಳವಣಿಗೆಯನ್ನು ಈ ಚುಕ್ಕೆಗಳು ಹಿಡಿದುಕೊಡುತ್ತವೆ. ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಅನ್ನುತ್ತೇನೆ.

ಇದು ನಿಮ್ಮ ಕೈಯಲ್ಲಿ ಆಗುವ ಕೆಲಸವೇ?

ಕೆಲವು ಏಟುಗಳನ್ನು ಮುಟ್ಟಲೇಬಾರದು. ಒಳಗಡೆಯಿಂದ ಏಟಿನ ಹಿಂದೆ ಉಗುರು ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಒಳಗಿನ ಹಾಳೆಯೂ ಒಡೆದಿದೆ, ರಿಪೇರಿ ಬೇಡ. ಏಟು ಗಾಜಿನ ಅಂಚಿಗೆ 5 ಸೆಂ.ಮೀ.ಗಿಂತ ಹತ್ತಿರ ಇದ್ದರೂ ಮನೆ ಕಿಟ್ ಹಿಡಿಯಬೇಡಿ. ಅಂಚಿನ ಹತ್ತಿರ ಗಾಜು ಮೊದಲೇ ಬಿಗುವಿನಲ್ಲಿ ಇರುತ್ತದೆ, ಬಾಡಿಗೆ ಅಂಟಿಕೊಂಡಿರುವುದೂ ಅಲ್ಲೇ. ಗುಂಡಗಿನ ಏಟು ಸುಮಾರು 2.5 ಸೆಂ.ಮೀ. ದಾಟಿದ್ದರೆ, ಕವಲು ಬೆರಳುದ್ದ ಇದ್ದರೆ, ಅನುಭವ ಇದ್ದವರ ಹತ್ತಿರ ಹೋಗುವುದೇ ಸರಿ. ಡ್ರೈವರ್ ಕಣ್ಣಿನ ನೇರಕ್ಕೆ ಅಥವಾ ಕನ್ನಡಿ ಹಿಂದಿನ ಕ್ಯಾಮೆರಾದ ಮುಂದೆ ಇರುವ ಏಟನ್ನೂ ಮುಟ್ಟಬೇಡಿ. ರಿಪೇರಿ ಎಷ್ಟೇ ಚೆನ್ನಾಗಿ ಆದರೂ ಒಂದು ಮಸುಕು ಗುರುತು ಉಳಿಯುತ್ತದೆ.

ಕಿಟ್ ಬಿಚ್ಚುವ ಮೊದಲೇ ಬಿರುಕು ಬೆಳೆದಿದೆ

ಏಟು ಬಿದ್ದ ದಿನ ಸಣ್ಣದಿತ್ತು, ಇವತ್ತು ನೋಡಿದರೆ ಕವಲು ಉದ್ದ ಆಗಿದೆ. ಯಾರೂ ಮುಟ್ಟಿಲ್ಲ. ಇಲ್ಲಿ ಮೊದಲ ಅನುಮಾನ ಬಿಸಿ-ತಂಪಿನ ಮೇಲೆ.

ಗಾಜಿನಲ್ಲಿ ಬಿಸಿ ನಿಧಾನವಾಗಿ ಹರಡುತ್ತದೆ. ಒಂದು ಜಾಗ ತಣ್ಣಗಾದರೆ ಅದು ಕುಗ್ಗಲು ನೋಡುತ್ತದೆ, ಸುತ್ತಲಿನ ಬಿಸಿ ಗಾಜು ಬಿಡುವುದಿಲ್ಲ. ತಂಪಾದ ಜಾಗ ಜಗ್ಗಾಟಕ್ಕೆ ಸಿಗುತ್ತದೆ. ಆ ಜಾಗದಲ್ಲೇ ಬಿರುಕಿನ ತುದಿ ಇದ್ದರೆ ಓಡುತ್ತದೆ. ಮೀಟರ್ ಉದ್ದದ ಗಾಜು 10 ಡಿಗ್ರಿ ತಣ್ಣಗಾದರೆ ಕುಗ್ಗುವುದು ಹೆಚ್ಚುಕಮ್ಮಿ 0.09 ಮಿ.ಮೀ. ಅಷ್ಟೆ. ಕೇಳಲು ಏನೂ ಅಲ್ಲ ಅನಿಸಬಹುದು, ಆದರೆ ಬಿರುಕು ಇರುವ ಗಾಜಿಗೆ ಅದು ಜಾಸ್ತಿಯೇ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚುವುದು, ಕಾರು ಹತ್ತಿದ ಕೂಡಲೇ ಎಸಿಯ ಗಾಳಿಯನ್ನು ಗಾಜಿನ ಕಡೆ ತಿರುಗಿಸುವುದು, ಇವೆರಡೂ ಬಿರುಕನ್ನು ಓಡಿಸುವ ಸುಲಭದ ದಾರಿ. ಚಳಿಗೆ ಮರಗಟ್ಟಿದ ಗಾಜಿಗೆ ಡಿಫ್ರಾಸ್ಟರ್‌ನ ಬಿಸಿಗಾಳಿ ಬಿಟ್ಟರೂ ಅಪಾಯವೇ. ಬಿಸಿಯಾದ ಜಾಗ ಹಿಗ್ಗಿ ಅದರ ಸುತ್ತಲಿನ ಗಾಜನ್ನು ಜಗ್ಗುತ್ತದೆ.

ಎರಡನೇ ಅನುಮಾನ ಬಾಡಿಯ ತಿರುಚು. ಈಗಿನ ಕಾರುಗಳಲ್ಲಿ ವಿಂಡ್‌ಶೀಲ್ಡ್ ಬಾಡಿಗೆ ಅಂಟಿಕೊಂಡು ಬಾಡಿಯ ಭಾಗವೇ ಆಗಿರುತ್ತದೆ. ಒಂದು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದರೆ ಬಾಡಿ ತುಸು ತಿರುಚಿಕೊಳ್ಳುತ್ತದೆ, ಗಾಜೂ ತಿರುಚಿಕೊಳ್ಳುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ಬಾಗಿಲು ಧಡ್ ಅಂತ ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ.

ಮೂರನೆಯದು ನೀರು. ಬಿರುಕಿನ ತುದಿಯಲ್ಲಿ ಗಾಜಿನ ಅಣುಗಳ ಬೆಸುಗೆಯನ್ನು ನೀರು ಬಿಡಿಸುತ್ತಾ ಹೋಗುತ್ತದೆ. ಒದ್ದೆ ಬಿರುಕು ಒಣ ಬಿರುಕಿಗಿಂತ ಕಡಿಮೆ ಬಲಕ್ಕೇ ಬೆಳೆಯುತ್ತದೆ, ಅದೂ ನಿಧಾನವಾಗಿ, ಗೊತ್ತೇ ಆಗದ ಹಾಗೆ. ಅದಕ್ಕೇ ಏಟು ಬಿದ್ದ ತಕ್ಷಣ ಮಾಡಬೇಕಾದ್ದು ಒಂದೇ. ಒಣ ಬಟ್ಟೆಯಿಂದ ಒರೆಸಿ, ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿ. ಕೊಳೆಯೂ ಒಳಗೆ ಹೋಗಲ್ಲ, ನೀರೂ ಹೋಗಲ್ಲ. ಗುಳಿಯೊಳಗೆ ಗ್ಲಾಸ್ ಕ್ಲೀನರ್ ಸಿಂಪಡಿಸಬೇಡಿ. ಒಳಗೆ ಸೇರಿದ್ದನ್ನು ತೆಗೆಯುವುದು ಕಷ್ಟ.

ಹಾಗಾಗಿ ರಿಪೇರಿಗೆ ಮುಂಚೆ ಕಾರನ್ನು ನೆರಳಿನಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಒಂದು ಕಿಟಕಿ ಇಳಿಸಿ ಬಿಡಿ. ಎಂಜಿನ್, ಎಸಿ ಎರಡೂ ಆಫ್. ಗಾಜು ಪೂರ್ತಿ ಒಂದೇ ಹದಕ್ಕೆ ಬರಲು ಟೈಮ್ ಕೊಡಿ. 15ರಿಂದ 25 ಡಿಗ್ರಿ ಇದ್ದರೆ ಒಳ್ಳೆಯದು. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯ ಹಿಂಭಾಗವನ್ನು ಗಾಜಿನ ನಾಲ್ಕೈದು ಕಡೆ ಇಟ್ಟು ನೋಡಿ; ಎಲ್ಲೂ ಬಿಸಿ ಅಂತಲೋ ತಣ್ಣಗೆ ಅಂತಲೋ ಎದ್ದು ಗೊತ್ತಾಗಬಾರದು.

ಇನ್ನೊಂದು ಮಾತು. ವೈಪರ್ ಅಡ್ಡ ಬರುತ್ತದೆ ಅಂತ ಎತ್ತಿ ನಿಲ್ಲಿಸುತ್ತೀರಲ್ಲ, ಅದರ ಕೆಳಗೆ ಗಾಜಿನ ಮೇಲೆ ಮಡಿಸಿದ ಟವೆಲ್ ಹಾಕಿಡಿ. ಸ್ಪ್ರಿಂಗ್ ಇರುವ ಆ ತೋಳು ಕೈ ಜಾರಿ ಬಿದ್ದರೆ, ಅದರಲ್ಲೂ ಬ್ಲೇಡ್ ಬಿಚ್ಚಿದ್ದರೆ, ಒಳ್ಳೆಯ ಗಾಜೂ ಸೀಳಿಬಿಡುತ್ತದೆ.

ಗುಳಿ ಕ್ಲೀನ್ ಮಾಡುವಾಗ, ಒಣಗಿಸುವಾಗ ಓಡಿತು

ಕಿಟ್‌ನ ಸೂಜಿ ಇರುವುದು ಸಡಿಲ ಆಗಿರುವ ಗಾಜಿನ ಪುಡಿ ತೆಗೆಯಲು ಮಾತ್ರ. ಅಲುಗಾಡದ ಚೂರನ್ನು ಮೀಟಿ ಎಬ್ಬಿಸಬೇಡಿ. ಸೂಜಿಯ ಮೊನೆ ಬಿರುಕಿನೊಳಗೆ ಬೆಣೆಯ ಕೆಲಸ ಮಾಡುತ್ತದೆ, ಎರಡು ಕಡೆಗೂ ಗಾಜನ್ನು ಅಗಲಿಸುತ್ತದೆ.

ಗುಳಿಯ ಬಾಯಿ ಮುಚ್ಚಿಕೊಂಡಿದ್ದರೆ ಸಣ್ಣ ಕಾರ್ಬೈಡ್ ಬಿಟ್‌ನಿಂದ ಕೊರೆಯುವ ಪದ್ಧತಿ ಇದೆ. ಗೊತ್ತಿದ್ದವರು ಕ್ಷಣ ತಾಗಿಸಿ, ತೆಗೆದು, ಮತ್ತೆ ತಾಗಿಸಿ, ಹೊರ ಹಾಳೆಯ ಅರ್ಧದಷ್ಟು ಆಳಕ್ಕೆ ಮಾತ್ರ ಹೋಗುತ್ತಾರೆ. ಪ್ಲಾಸ್ಟಿಕ್ ಪದರ ತಾಗಿದರೆ ಕೆಟ್ಟಿತು. ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ ಅನ್ನುವುದೇ ನನ್ನ ಸಲಹೆ. ಆ ನಡುಕ, ಆ ಬಿಸಿ ಎರಡನ್ನೂ ಕೈ ಅಂದಾಜಿನಲ್ಲಿ ಹಿಡಿತಕ್ಕೆ ತರುವುದು ಕಷ್ಟ.

ಒಳಗೆ ತೇವ ಇದ್ದರೆ ಏಟಿನ ಸುತ್ತ ಹಾಲುಬಿಳಿ ಮಂಜು ಕಾಣುತ್ತದೆ. ಅದನ್ನು ಲೈಟರ್‌ನಿಂದ ಕಾಯಿಸುವವರಿದ್ದಾರೆ. ದಯವಿಟ್ಟು ಬೇಡ. ಸಣ್ಣ ಜಾಗಕ್ಕೆ ಒಮ್ಮೆಲೇ ಬೆಂಕಿ ತಾಗಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ. ಹೀಟ್ ಗನ್ ಕೂಡ ಬೇಡ. ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿಟ್ಟು, ಒಳಗಡೆಯಿಂದ, ಒಂದು ಗೇಣು ದೂರದಲ್ಲಿ, ಅಗಲ ಜಾಗಕ್ಕೆ ಆಡಿಸುತ್ತಾ ಇರಿ. ಗಾಜು ಉಗುರುಬೆಚ್ಚಗಾದರೆ ಸಾಕು. ಆಮೇಲೆ ಅದು ತಾನಾಗಿ ತಣ್ಣಗಾಗುವ ತನಕ ಇಂಜೆಕ್ಟರ್ (ಗುಳಿಯೊಳಗೆ ರೆಸಿನ್ ಒತ್ತುವ ನಳಿಕೆ) ಮುಟ್ಟಬೇಡಿ. ಅವಸರ ಇಲ್ಲದಿದ್ದರೆ ಒಣ ಹವೆಯಲ್ಲಿ ನೆರಳಿನಲ್ಲಿ ಸುಮ್ನೆ ಬಿಡುವುದು ಎಲ್ಲಕ್ಕಿಂತ ಕ್ಷೇಮ.

ಇಂಜೆಕ್ಟರ್ ಕೂರಿಸುವಾಗ ಅಥವಾ ತಿರುಗಿಸುವಾಗ ಓಡಿತು

ಹೆಚ್ಚು ಗಾಜು ಹೋಗುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸಕ್ಷನ್ ಕಪ್‌ಗಳಿರುವ ಬ್ರಿಡ್ಜ್ ಗಾಜನ್ನು ಹೊರಕ್ಕೆ ಜಗ್ಗುತ್ತದೆ. ಬ್ರಿಡ್ಜ್ ಅಂದರೆ ಇಂಜೆಕ್ಟರ್ ಅನ್ನು ಗಾಜಿನ ಮೇಲೆ ಹಿಡಿದಿಡುವ ಚೌಕಟ್ಟು. ಅದರ ನಡುವಿನ ಇಂಜೆಕ್ಟರ್ ಗಾಜನ್ನು ಒಳಕ್ಕೆ ಒತ್ತುತ್ತದೆ. ಅಂದರೆ ಏಟಿನ ಜಾಗದಲ್ಲೇ ಗಾಜು ಬಾಗುತ್ತಿದೆ, ರೆಸಿನ್ ಇನ್ನೂ ಒಂದು ಹನಿಯೂ ಇಳಿದಿಲ್ಲ. ಇಂಜೆಕ್ಟರ್ ತುದಿಯ ರಬ್ಬರ್ ಉಂಗುರವನ್ನು ಒಳಗಡೆಯಿಂದ ಟಾರ್ಚ್ ಬಿಟ್ಟು ನೋಡಿ. ರಬ್ಬರ್ ಗಾಜಿಗೆ ತಾಗಿದ ಕಡೆ ಕಪ್ಪಗೆ ಒದ್ದೆಯಾದಂತೆ ಕಾಣುತ್ತದೆ. ಮೊದಲು ಒಂದು ಕಡೆ ಮಾತ್ರ ಕಪ್ಪು, ಸ್ಕ್ರೂ ಬಿಗಿಸಿದಂತೆ ಅದು ಸುತ್ತ ಹರಡಿ ಪೂರ್ತಿ ಉಂಗುರ ಆಗುತ್ತದೆ. ಉಂಗುರ ಕೂಡಿದ ಕ್ಷಣ ನಿಲ್ಲಿಸಿ. ಅಷ್ಟಕ್ಕೇ ಸೀಲ್ ಆಯಿತು. ಅದಾದ ಮೇಲೆ ನೀವು ತಿರುಗಿಸುವ ಪ್ರತಿ ಸುತ್ತೂ ಗಾಜನ್ನು ಬಾಗಿಸಲು ಹೋಗುತ್ತದೆ. ಉಂಗುರ ಒಂದು ಕಡೆ ಕೂಡುತ್ತಲೇ ಇಲ್ಲವಾದರೆ ಬಲ ಹಾಕಬೇಡಿ, ಬ್ರಿಡ್ಜ್ ಓರೆ ಆಗಿದೆ. ಬಿಚ್ಚಿ ಮತ್ತೆ ಕೂರಿಸಿ.

ಈಗ ಪಿಸ್ಟನ್, ಅಂದರೆ ಇಂಜೆಕ್ಟರ್ ಒಳಗೆ ರೆಸಿನ್ ತಳ್ಳುವ ದಂಡ. ರೆಸಿನ್ ಒಳಗೆ ಹೋಗದಿದ್ದಾಗ ಕೈ ತಾನಾಗಿ ಇನ್ನೊಂದು ಸುತ್ತು ತಿರುಗಿಸುತ್ತದೆ. ಅಲ್ಲೇ ತಡೆಯಿರಿ. ರೆಸಿನ್ ಏಕೆ ಹೋಗುತ್ತಿಲ್ಲ ಅಂತ ಮೊದಲು ಹುಡುಕಿ. ಹವೆ ತಂಪಾಗಿದ್ದರೆ ರೆಸಿನ್ ಗಟ್ಟಿಯಾಗಿರುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಟ್ಟುಕೊಳ್ಳಿ. ಬಿರುಕಿನಲ್ಲಿ ತೇವ ಉಳಿದಿದ್ದರೆ ರೆಸಿನ್ ಅದನ್ನು ದಾಟುವುದಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ರೆಸಿನ್‌ಗೆ ಜಾಗವೇ ಇರುವುದಿಲ್ಲ. ಇನ್ನೊಂದು ಕಾರಣ ಹಲವರಿಗೆ ಹೊಳೆಯುವುದೇ ಇಲ್ಲ. ಬಿಸಿಲಲ್ಲಿ ಕೆಲಸ ಮಾಡುತ್ತಿದ್ದರೆ ಬಿಸಿಲಿನ ಯುವಿ ಕಿರಣಕ್ಕೆ ಗುಳಿಯ ಬಾಯಿಯಲ್ಲಿರುವ ರೆಸಿನ್ ಆಗಲೇ ಗಟ್ಟಿಯಾಗಲು ಶುರುವಾಗಿರುತ್ತದೆ. ಮುಚ್ಚಿದ ಬಾಯಿಗೆ ಎಷ್ಟು ಒತ್ತಿದರೂ ಒಳಗೆ ಹೋಗದು, ಗಾಜು ಮಾತ್ರ ಬಾಗುತ್ತದೆ.

ಬಲದ ಬದಲು ಸಮಯ ಕೊಡಿ. ಪಿಸ್ಟನ್ ಹಿಂದಕ್ಕೆಳೆದು ನಿರ್ವಾತ ಮಾಡಿ ಕೆಲವು ನಿಮಿಷ ಬಿಡಿ, ಗಾಳಿಯ ಗುಳ್ಳೆಗಳು ಹೊರಗೆ ಬರಲಿ. ಮತ್ತೆ ಮೆಲ್ಲಗೆ ಒತ್ತಡ ಕೊಟ್ಟು ಕೆಲವು ನಿಮಿಷ ಬಿಡಿ. ಹೀಗೆ ನಾಲ್ಕೈದು ಸಲ ಮಾಡಿದರೂ ಪರವಾಗಿಲ್ಲ. ಕೂದಲೆಳೆಯಂಥ ಸಂದಿಯಲ್ಲಿ ರೆಸಿನ್ ತಾನಾಗಿ ಹೀರಿಕೊಂಡು ಹೋಗುತ್ತದೆ, ಅದಕ್ಕೆ ಬೇಕಾಗಿರುವುದು ತಾಳ್ಮೆ. ಎಲ್ಲಿಯ ತನಕ ತುಂಬಿದೆ ಅಂತ ನೋಡುವುದೂ ಸುಲಭ. ಗಾಳಿ ಇರುವ ಕಡೆ ಬಿರುಕು ಬೆಳ್ಳಿಯಂತೆ ಹೊಳೆಯುತ್ತದೆ. ರೆಸಿನ್ ತುಂಬಿದ ಕಡೆ ಹೊಳಪು ಹೋಗಿ ಗಾಜಿನಲ್ಲೇ ಕರಗಿದಂತೆ ಆಗುತ್ತದೆ, ಯಾಕೆಂದರೆ ಗಾಜೂ ರೆಸಿನ್ನೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ರೀತಿ ಬಾಗಿಸುತ್ತವೆ.

ಕೊನೆಯ ಒಂದೆರಡು ಮಿ.ಮೀ. ತುಂಬದಿದ್ದರೆ ಒಳಗಡೆಯಿಂದ ಬೆರಳಿನಿಂದ ಮೆಲ್ಲಗೆ ಒತ್ತುವ ರೂಢಿ ಇದೆ. ಹಾಗೆ ಒತ್ತಿದಾಗ ಹೊರ ಹಾಳೆಯ ಬಿರುಕು ತುಸು ಬಾಯಿ ಬಿಡುತ್ತದೆ, ರೆಸಿನ್ ನುಗ್ಗುತ್ತದೆ. ಬಿರುಕು ಓಡಲು ಬೇಕಾದದ್ದೂ ಅದೇ ಬಾಯಿ ಬಿಡುವಿಕೆ ಅಲ್ವಾ? ಹಾಗಾಗಿ ಬೆರಳಿನ ಮೆತ್ತನೆ ಭಾಗದಿಂದ, ತುದಿಯ ಚುಕ್ಕೆಯನ್ನೇ ನೋಡುತ್ತಾ, ಒತ್ತಿ ಬಿಡಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುವುದು ಬೇಡವೇ ಬೇಡ. ಒಂದೆರಡು ಮಿ.ಮೀ. ಹೊಳಪು ಉಳಿದರೆ ಉಳಿಯಲಿ ಅಂತ ಬಿಟ್ಟರೂ ತಪ್ಪಿಲ್ಲ, ಗಾಜು ಉಳಿಯುತ್ತದೆ.

ಏಟಿನ ಸುತ್ತ ಹೂವಿನ ದಳಗಳಂತೆ ಮಸುಕು ಹರಡುವುದು ಕಂಡರೆ ಒತ್ತಡ ಅತಿಯಾಗಿ ರೆಸಿನ್ ಗಾಜಿಗೂ ಪ್ಲಾಸ್ಟಿಕ್ ಪದರಕ್ಕೂ ನಡುವೆ ನುಗ್ಗುತ್ತಿದೆ ಅಂತ ಅರ್ಥ. ಕೂಡಲೇ ಸ್ಕ್ರೂ ಸಡಿಲಿಸಿ.

ಗಟ್ಟಿ ಮಾಡುವಾಗ, ಕೆರೆಯುವಾಗ ಓಡಿತು

ಬ್ರಿಡ್ಜ್ ತೆಗೆಯುವಾಗ ಮೊದಲು ಇಂಜೆಕ್ಟರ್‌ನ ಒತ್ತಡ ಬಿಡಿಸಿ. ಆಮೇಲೆ ಸಕ್ಷನ್ ಕಪ್‌ಗಳ ಅಂಚನ್ನು ಉಗುರಿನಿಂದ ಎತ್ತಿ ಗಾಳಿ ಒಳಬಿಡಿ. ಬ್ರಿಡ್ಜ್ ಹಿಡಿದು ಕಿತ್ತರೆ ಗಾಜನ್ನೇ ಹಿಡಿದು ಜಗ್ಗಿದಂತೆ.

ಗಟ್ಟಿ ಮಾಡಲು ಕಾರನ್ನು ಬಿಸಿಲಿಗೆ ಓಡಿಸಿಕೊಂಡು ಹೋಗುವುದಕ್ಕಿಂತ ಯುವಿ ಟಾರ್ಚ್ ವಾಸಿ. 365 ನ್ಯಾನೋಮೀಟರ್ ಆಸುಪಾಸಿನ ಬೆಳಕು ಇಂಥ ರೆಸಿನ್‌ಗೆ ಸಾಮಾನ್ಯ. ಎಷ್ಟು ನಿಮಿಷ ಅನ್ನುವುದಕ್ಕೆ ನಿಮ್ಮ ರೆಸಿನ್‌ನ ಚೀಟಿಯನ್ನೇ ನಂಬಿ. ಟಾರ್ಚ್ ಅನ್ನು ಹೊರಗಿನಿಂದಲೇ ಹಿಡಿಯಬೇಕು. ಪಿವಿಬಿ ಪದರ ಯುವಿ ಕಿರಣವನ್ನು ಬಹುಪಾಲು ತಡೆಯುವುದರಿಂದ ಒಳಗಿನಿಂದ ಹಿಡಿದರೆ ರೆಸಿನ್ ಹಸಿಯಾಗೇ ಉಳಿಯುತ್ತದೆ. ಹಸಿ ರೆಸಿನ್ ಬಿರುಕನ್ನು ಕಟ್ಟಿಹಾಕುವುದಿಲ್ಲ. ಮಾರನೇ ದಿನ ಬಿರುಕು ಓಡಿದರೆ ಮೊದಲು ಇದನ್ನೇ ಅನುಮಾನಿಸಿ.

ಹೆಚ್ಚುವರಿ ರೆಸಿನ್ ಕೆರೆಯಲು ಬ್ಲೇಡ್ ಅನ್ನು ಗಾಜಿಗೆ ನೆಟ್ಟಗೆ ನಿಲ್ಲಿಸಿ, ಹಗುರವಾಗಿ ಎಳೆಯಿರಿ. ಓರೆ ಹಿಡಿದರೆ ಗುಳಿಯ ಅಂಚಿಗೆ ಸಿಕ್ಕಿ ತುಂಬಿದ್ದನ್ನೂ ಎಬ್ಬಿಸುತ್ತದೆ.

ಮುಗಿದ ಮೇಲೆ ಒಂದು ದಿನ ಪ್ರೆಷರ್ ವಾಷ್ ಬೇಡ, ಗಾಜಿನ ಕಡೆ ಎಸಿ ಬೇಡ.

ಓಡಿಯೇ ಬಿಟ್ಟಿತು, ಈಗ?

ಕೈ ತೆಗೆಯಿರಿ. ಸ್ಕ್ರೂ ಅನ್ನು ನಿಧಾನವಾಗಿ ಸಡಿಲಿಸಿ, ಬ್ರಿಡ್ಜ್ ಅನ್ನು ಕೀಳಲು ಹೋಗಬೇಡಿ. ಹೊಸ ತುದಿಗೆ ಹೊಸ ಚುಕ್ಕೆ ಇಟ್ಟು ಅರ್ಧ ಗಂಟೆ ನೋಡಿ. ಆ ಹೊತ್ತಿನಲ್ಲಿ ಬಾಗಿಲು ಹಾಕುವುದು, ಕಾರು ಸರಿಸುವುದು ಏನೂ ಬೇಡ. ಉದ್ದದ ಬಿರುಕಿಗೆ ಸಣ್ಣ ಬಲವೂ ಸಾಕು ಅನ್ನುವುದು ನೆನಪಿರಲಿ.

ಚುಕ್ಕೆ ದಾಟದೆ ನಿಂತಿದ್ದರೆ, ಬೆಳೆದದ್ದು ಒಂದೆರಡು ಸೆಂ.ಮೀ. ಮಾತ್ರ ಆಗಿದ್ದರೆ, ಅಂಚು ದೂರ ಇದ್ದರೆ, ಒತ್ತಡ ಕಡಿಮೆ ಮಾಡಿಕೊಂಡು ರೆಸಿನ್ ತುಂಬುವುದನ್ನು ಮುಂದುವರಿಸಬಹುದು. ಹೊಸ ಕವಲಿನ ತುದಿಯ ತನಕ ತುಂಬಿದ್ದು ಖಾತ್ರಿ ಆದ ಮೇಲಷ್ಟೇ ಗಟ್ಟಿ ಮಾಡಿ. ತುದಿ ಖಾಲಿ ಉಳಿದರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಗೇಣುದ್ದ ಓಡಿದ್ದರೆ ಟೇಪ್ ಅಂಟಿಸಿ ಗಾಜಿನ ಕೆಲಸದವರಿಗೆ ತೋರಿಸಿ. ಅವರು ತುದಿಯನ್ನು ನಿಲ್ಲಿಸಿ ಉದ್ದದ ಬಿರುಕು ತುಂಬುವ ವಿಧಾನ ಬಲ್ಲವರಾಗಿದ್ದರೆ ಉಳಿದೀತು. ಬಿರುಕು ಅಂಚು ಮುಟ್ಟಿದ್ದರೆ ಗಾಜು ಬದಲಾಯಿಸಲೇಬೇಕು. ನಡುವಿನ ಪ್ಲಾಸ್ಟಿಕ್ ಪದರ ಗಾಜನ್ನು ಹಿಡಿದಿಟ್ಟುಕೊಂಡಿರುವುದರಿಂದ ಅದು ತಕ್ಷಣ ಉದುರಿ ಬೀಳುವುದಿಲ್ಲ. ನೋಟಕ್ಕೆ ಅಡ್ಡ ಇಲ್ಲದಿದ್ದರೆ ಹತ್ತಿರದ ಗ್ಯಾರೇಜ್ ತನಕ ಮೆಲ್ಲಗೆ ಹೋಗಬಹುದು: ಕಿಟಕಿ ಸ್ವಲ್ಪ ಇಳಿಸಿ, ಎಸಿ ಆಫ್ ಮಾಡಿ, ಹಂಪ್‌ಗಳಲ್ಲಿ ನಿಧಾನ. ಬಾಗಿಲನ್ನು ಬೀಸಿ ಹಾಕದೆ ಒತ್ತಿ ಮುಚ್ಚಿ. ಅಡ್ಡ ಇದ್ದರೆ ಓಡಿಸಬೇಡಿ, ಗಾಜಿನವರನ್ನು ಕಾರಿದ್ದಲ್ಲಿಗೇ ಕರೆಸಿ.